ತಣ್ಣಗಿನ ರೊಟ್ಟಿ, 3,303 ರೂಪಾಯಿ ಬಿಲ್: ಹುಬ್ಬಳ್ಳಿಯ ದೊಡ್ಡ ರೆಸ್ಟೋರೆಂಟ್‌ನಲ್ಲಿ ಅಪ್ಪನ ಹುಟ್ಟುಹಬ್ಬ

ಕೇಶ್ವಾಪುರದವ

ಕಳೆದ ಶನಿವಾರ ಅಪ್ಪನಿಗೆ 70 ತುಂಬಿತು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದು ನಿವೃತ್ತರಾದವರು. ಹೊರಗೆ ತಿನ್ನುವುದು ಅಂದರೆ ಅವರಿಗೆ ದುರ್ಗದಬೈಲಿನಲ್ಲಿ ಒಂದು ಪ್ಲೇಟ್ ಗಿರಮಿಟ್, ಎರಡು ಮಿರ್ಚಿ. ಅಷ್ಟೇ. ಈ ಸಲ ಒಳ್ಳೆ ಜಾಗಕ್ಕೆ ಕರ್ಕೊಂಡು ಹೋಗಬೇಕು ಅಂತ ನಾನೇ ಹಟ ಹಿಡಿದೆ. ಊರಲ್ಲಿ ಈಗ ಎಲ್ಲರೂ ಮಾತಾಡುವ ಒಂದು ದೊಡ್ಡ ರೆಸ್ಟೋರೆಂಟ್. ಹೆಸರು ಬೇಡ. ಅವರ ಹೆಸರು ಕೆಡಿಸಬೇಕು ಅಂತ ಬರೆಯುತ್ತಿಲ್ಲ. ನನಗೆ ಆದದ್ದು ನಿಮಗೂ ಆಗಿದೆಯಾ ಅಂತ ಕೇಳಬೇಕಿತ್ತು.

ಎಂಟು ಗಂಟೆಗೆ ಟೇಬಲ್ ಹೇಳಿದ್ದೆವು. ಕೂತಾಗ ಎಂಟೂ ಐವತ್ತು. ಅಪ್ಪನಿಗೆ ಮೊಣಕಾಲು ನೋವು, ಬಾಗಿಲ ಹತ್ತಿರ ಇದ್ದ ಒಂದೇ ಸ್ಟೂಲ್ ಮೇಲೆ ಅಷ್ಟು ಹೊತ್ತು ಕೂತಿದ್ದರು. ಮೆನು ಬಂತು, ಪೂರಾ ಇಂಗ್ಲಿಷ್. ಅಪ್ಪ ಎರಡು ಹಾಳೆ ತಿರುವಿ, ಮೆಲ್ಲಗೆ ನನ್ನ ಕಡೆ ಸರಿಸಿ, "ನೀನ ಹೇಳಪ್ಪ" ಅಂದರು. ಅವರ ಹುಟ್ಟುಹಬ್ಬದ ಊಟ ಅವರೇ ಆರಿಸಿಕೊಳ್ಳಲು ಆಗಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತಿದೆ.

ಅವರಿಗೆ ಇಷ್ಟ ಅಂತ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ ಹೇಳಿದೆ. ಮಕ್ಕಳಿಗೆ ಬೇರೆ ಏನೇನೋ. ಬರಲು ಇನ್ನೂ ನಲವತ್ತು ನಿಮಿಷ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಬಿದಿರಿನ ಬುಟ್ಟಿಯಲ್ಲಿ ಚೆಂದ ಜೋಡಿಸಿ ತಂದರು. ಅಪ್ಪ ಒಂದು ತುಂಡು ಮುರಿಯಲು ಹೋದರು. ಅದು ಮುರಿಯಲಿಲ್ಲ, ಹಿಗ್ಗಿತು. ಎರಡು ಕೈಯಲ್ಲಿ ಎಳೆದು ನೋಡಿ, "ಜ್ವಾಳದ ರೊಟ್ಟಿ ಹಿಗ್ಗಂಗಿಲ್ಲೋ. ಇದ್ರಾಗ ಗೋಧಿ ಹಿಟ್ಟು ಕೂಡ್ಯಾದ" ಅಂದರು. ಮೇಲೆ ತಣ್ಣಗೆ ಬೇರೆ. ಎಣ್ಣೆಗಾಯಿಯಲ್ಲಿ ಗುರೆಳ್ಳು ಇಲ್ಲ, ಹುಳಿ ಇಲ್ಲ. ಸಿಹಿಯಾದ ಗೋಡಂಬಿ ಗ್ರೇವಿಯಲ್ಲಿ ನಾಲ್ಕು ಬದನೆಕಾಯಿ. ತೊಟ್ಟಿನ ಹತ್ತಿರ ಕಾಯಿ ಬೆಂದೇ ಇರಲಿಲ್ಲ.

ಬಡಿಸುವ ಹುಡುಗನಿಗೆ ಹೇಳಿದೆ, ತನ್ನ ಮೇಲ್ವಿಚಾರಕ ಕ್ಯಾಪ್ಟನ್‌ನನ್ನು ಕಳಿಸುತ್ತೇನೆ ಅಂದ. ಕ್ಯಾಪ್ಟನ್ ಬಂದು, "ಎಲ್ಲರೂ ಚೆನ್ನಾಗಿದೆ ಅಂತಾರೆ ಸರ್" ಅಂತ ಹೇಳಿ ಹೋದರು. ಬಿಲ್: ಊಟ 2,860, ಸರ್ವಿಸ್ ಚಾರ್ಜ್ ಶೇಕಡಾ 10 ಅಂತ 286, ಅದರ ಮೇಲೆ ಜಿಎಸ್‌ಟಿ 157. ಒಟ್ಟು 3,303. ಅಪ್ಪ ಅರ್ಧ ರೊಟ್ಟಿ ತಿಂದಿದ್ದರು. ಮನೆಗೆ ಬಂದು ಮಜ್ಜಿಗೆ ಅನ್ನ ಉಂಡು ಮಲಗಿದರು.

ದುಡ್ಡಿನ ಮಾತಲ್ಲ ಇದು. ನಮ್ಮ ಊರಿನ ಊಟವನ್ನೇ, ನಮ್ಮ ಊರಲ್ಲೇ, ನಾಲ್ಕು ಪಟ್ಟು ರೇಟಿಗೆ ಹೀಗೆ ಯಾಕೆ ಕೊಡುತ್ತಾರೆ?

ಸಪ್ತಾಪುರ ಧಾರವಾಡ

ಓದಿ ಬೇಜಾರಾಯಿತು. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಧಾರವಾಡದಲ್ಲೂ ಇದೇ ಕಥೆ. ಹೋದ ತಿಂಗಳು ತಂಗಿಯ ನಿಶ್ಚಿತಾರ್ಥದ ಮಾತುಕತೆಗೆ ಬೀಗರನ್ನು ಒಂದು ದೊಡ್ಡ ಹೋಟೆಲಿನ ಬಫೆಗೆ ಕರ್ಕೊಂಡು ಹೋಗಿದ್ದೆವು. ಮೂರು ಗಂಟೆವರೆಗೆ ಬಫೆ ಅಂತ ಬೋರ್ಡ್. ನಾವು ಎರಡು ಗಂಟೆಗೆ ಹೋದರೆ ಅರ್ಧ ಪಾತ್ರೆ ಖಾಲಿ, ಕೇಳಿದರೂ ತುಂಬಲಿಲ್ಲ. ಬೀಗರ ಮುಂದೆ ನಮ್ಮ ತಲೆ ತಗ್ಗಿತು. ಸಿಹಿಗೆ ಪೇಢಾ ಇಟ್ಟಿದ್ದರು, ಅದು ಫ್ರಿಜ್‌ನಲ್ಲಿಟ್ಟು ಗಟ್ಟಿಯಾಗಿತ್ತು. ಧಾರವಾಡದಲ್ಲಿ ಗಟ್ಟಿ ಪೇಢಾ! ಪೇಢಾಕ್ಕೇ ಹೆಸರಾದ ಲೈನ್ ಬಜಾರ್ ಅಲ್ಲೇ ಪಕ್ಕದಲ್ಲಿದೆ.

ಒಲೆ ಮುಂದಿನವ

ನಾನು ಹನ್ನೊಂದು ವರ್ಷ ಇಂಥ ಅಡುಗೆಮನೆಗಳಲ್ಲಿ ಕೆಲಸ ಮಾಡಿದ್ದೇನೆ, ಬೆಂಗಳೂರಲ್ಲಿ ನಾಲ್ಕು, ಹುಬ್ಬಳ್ಳಿಯಲ್ಲಿ ಏಳು. ಈಗ ಬಿಟ್ಟಿದ್ದೇನೆ. ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಗೊತ್ತಿದ್ದರೆ ಒಳ್ಳೆಯದು.

ಮೊದಲು ರೊಟ್ಟಿ. ನಿಮ್ಮ ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಗೋಧಿಯಲ್ಲಿ ಅಂಟು ಇರುತ್ತದೆ, ಅದಕ್ಕೇ ಚಪಾತಿ ಹಿಗ್ಗುತ್ತದೆ, ಲಟ್ಟಿಸಲು ಬರುತ್ತದೆ. ಜೋಳದಲ್ಲಿ ಅದು ಇಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕುವುದು. ಆ ಬಿಸಿಗೆ ಹಿಟ್ಟು ಸ್ವಲ್ಪ ಬೆಂದು ಜಿಗಿ ಬರುತ್ತದೆ. ಆಮೇಲೆ ಅಂಗೈಯ ಬುಡದಿಂದ ಚೆನ್ನಾಗಿ ನಾದಬೇಕು. ಒಂದೊಂದೇ ಉಂಡೆ ನಾದಿ, ಒಂದೊಂದೇ ಬಡಿಯಬೇಕು. ಒಟ್ಟಿಗೆ ನಾದಿ ಇಟ್ಟರೆ ಅಂಚು ಒಡೆಯುತ್ತದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೊನೆಗೆ ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ಉಬ್ಬಿದ ಐದು ನಿಮಿಷದಲ್ಲಿ ತಿನ್ನಬೇಕು.

ಇದನ್ನು ಮಾಡುವವರು ಬೇಕಲ್ಲ. ಬಹಳ ಕಡೆ ರೊಟ್ಟಿ ಬಡಿಯುವವರು ಹತ್ತಿರದ ಹಳ್ಳಿಯಿಂದ ಬರುವ ಅಕ್ಕಂದಿರು. ಬಸ್ ಸಿಗಬೇಕು ಅಂತ ಅವರು ಎಂಟು, ಎಂಟೂವರೆಗೆ ಹೊರಡುತ್ತಾರೆ. ನಮ್ಮಲ್ಲಿ ಹೋಗುವ ಮೊದಲು ಅರವತ್ತು, ಎಪ್ಪತ್ತು ರೊಟ್ಟಿ ಬಡಿದು ಪೇರಿಸಿ ಇಟ್ಟು ಹೋಗುತ್ತಿದ್ದರು. ಒಂಬತ್ತಕ್ಕೆ ನಿಮ್ಮ ಆರ್ಡರ್ ಬಂದರೆ ಅದೇ ರೊಟ್ಟಿಯನ್ನು ಬಿಸಿ ಮಾಡಿ ಕೊಡುವುದು. ಮತ್ತೆ ಬಿಸಿ ಮಾಡಿದ ರೊಟ್ಟಿ ತೊಗಲಿನ ಹಾಗೆ ಆಗುತ್ತದೆ. ಅದು ಕಾಣಬಾರದು ಅಂತ ಕೆಲವರು ಮೂರರಲ್ಲಿ ಒಂದು ಪಾಲು ಗೋಧಿ ಹಿಟ್ಟು ಕೂಡಿಸುತ್ತಾರೆ. ಆಗ ಯಾರು ಬೇಕಾದರೂ ಲಟ್ಟಣಿಗೆಯಲ್ಲಿ ಲಟ್ಟಿಸಬಹುದು, ಗಂಟೆಗಟ್ಟಲೆ ಮೆತ್ತಗೂ ಇರುತ್ತದೆ. ಆದರೆ ಅದು ಜೋಳದ ರೊಟ್ಟಿ ಅಲ್ಲ.

ಎರಡನೆಯದು ಗ್ರೇವಿ. ದೊಡ್ಡ ಮೆನುವಿನಲ್ಲಿ ನೂರೈವತ್ತು ಐಟಂ ಇದ್ದರೂ ಒಳಗೆ ಇರುವುದು ಮೂರು ಪಾತ್ರೆ. ಈರುಳ್ಳಿ-ಟೊಮ್ಯಾಟೊ ಕೆಂಪು ಗ್ರೇವಿ, ಗೋಡಂಬಿ ಬಿಳಿ ಗ್ರೇವಿ, ಇನ್ನೊಂದು ಹಳದಿ. ಬೆಳಿಗ್ಗೆ ಮಾಡಿಟ್ಟರೆ ರಾತ್ರಿವರೆಗೆ ಎಲ್ಲದಕ್ಕೂ ಅದೇ. ನಿಮ್ಮ ಎಣ್ಣೆಗಾಯಿ ಬಿಳಿ ಪಾತ್ರೆಯಿಂದ ಬಂದಿದೆ. ಎಣ್ಣೆಗಾಯಿಗೆ ಶೇಂಗಾ, ಗುರೆಳ್ಳು, ಒಣಕೊಬ್ಬರಿ ಹುರಿದು ಪುಡಿ ಮಾಡಿ, ಹುಣಸೆಹಣ್ಣು, ಬೆಲ್ಲ ಸೇರಿಸಿ, ಎಳೆ ಬದನೆಕಾಯಿ ಸೀಳಿ ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಇಡಬೇಕು. ಅರ್ಧ ಗಂಟೆ ಬೇಕು. ಶನಿವಾರ ರಾತ್ರಿ ಒಂದು ಟೇಬಲ್‌ಗೋಸ್ಕರ ಆ ಒಲೆ ಯಾರೂ ಬಿಟ್ಟುಕೊಡುವುದಿಲ್ಲ. ಕಾಯಿಯನ್ನು ಕರಿದು ಗ್ರೇವಿಗೆ ಹಾಕಿ ಕಳಿಸುತ್ತಾರೆ. ಅದಕ್ಕೇ ತೊಟ್ಟಿನ ಕಡೆ ಹಸಿ ಉಳಿಯುವುದು.

ಅಡುಗೆಯವನಿಗೂ ಇದು ಇಷ್ಟದ ಕೆಲಸ ಅಲ್ಲ. ನನಗಂತೂ ಇರಲಿಲ್ಲ, ಅದಕ್ಕೇ ಬಿಟ್ಟೆ.

ಬೆಟಗೇರಿ ಹುಡುಗಿ

ಗೋಧಿ ಕೂಡಿಸುತ್ತಾರೆ ಅಂದದ್ದು ಓದಿ ಎದೆ ಝಲ್ ಅಂತು. ನನ್ನ ಮಗಳಿಗೆ ಗೋಧಿ ಆಗುವುದಿಲ್ಲ. ಡಾಕ್ಟರ್ ಸೀಲಿಯಾಕ್ ಅಂತ ಹೇಳಿ ಮೂರು ವರ್ಷ ಆಯಿತು. ಒಂದು ಚೂರು ಹೊಟ್ಟೆಗೆ ಹೋದರೂ ಎರಡು ದಿನ ವಾಂತಿ, ಹೊಟ್ಟೆನೋವು. ಗದಗದಿಂದ ಹುಬ್ಬಳ್ಳಿಗೆ ಹೋದಾಗಲೆಲ್ಲ ಜೋಳದ ರೊಟ್ಟಿ ಇರುವ ಜಾಗ ನೋಡಿಯೇ ಹೋಗುತ್ತೇವೆ, ಅದೊಂದೇ ಧೈರ್ಯ. ದೀಪಾವಳಿ ಹೊತ್ತಿಗೆ ಒಂದು ದೊಡ್ಡ ಹೋಟೆಲಲ್ಲಿ ರೊಟ್ಟಿ ತಿಂದು ಬಂದ ರಾತ್ರಿ ಅವಳಿಗೆ ಹಾಗೇ ಆಗಿತ್ತು. ಆಗ ನಾನು ಪಲ್ಯದ ಮೇಲೆ ಅನುಮಾನಪಟ್ಟೆ. ರೊಟ್ಟಿಯ ಮೇಲೆ ಅನುಮಾನ ಬರಲೇ ಇಲ್ಲ. ಜೋಳದ ರೊಟ್ಟಿ ಅಂತ ಬರೆದಿದ್ದಾರಲ್ಲ, ಯಾಕೆ ಬರಬೇಕು?

ದಯವಿಟ್ಟು ಹೋಟೆಲ್ ನಡೆಸುವವರು ಯಾರಾದರೂ ಓದುತ್ತಿದ್ದರೆ, ಕೂಡಿಸುವುದಿದ್ದರೆ ಮೆನುವಿನಲ್ಲಿ ಬರೆಯಿರಿ. ಬರೆದರೆ ನಾವು ತಿನ್ನುವುದಿಲ್ಲ, ಅಷ್ಟೇ. ಮಗು ಉಳಿಯುತ್ತದೆ.

ಒಲೆ ಮುಂದಿನವ

ಅಕ್ಕ, ಇನ್ನು ಮೇಲೆ ಹೋದಾಗ "ಜೋಳದ ರೊಟ್ಟಿ ಇದೆಯಾ" ಅಂತ ಕೇಳಬೇಡಿ. "ರೊಟ್ಟಿಯಲ್ಲಿ ಗೋಧಿ ಕೂಡಿಸಿದ್ದೀರಾ, ಮಗುವಿಗೆ ಕಾಯಿಲೆ ಇದೆ" ಅಂತ ನೇರ ಕೇಳಿ. ಹುಡುಗನಿಗೆ ಅಲ್ಲ, ಅಡುಗೆಮನೆಯವರಿಗೇ. ಕಾಯಿಲೆ ಅಂದರೆ ಅಡುಗೆಯವರು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಇನ್ನೊಂದು, ರೊಟ್ಟಿ ಬಡಿಯುವಾಗ ಕೆಳಗೆ ಉದುರಿಸುವ ಹಿಟ್ಟು ಯಾವುದು ಅಂತಲೂ ಕೇಳಿ. ಹಿಟ್ಟು ಪೂರ್ತಿ ಜೋಳದ್ದಾಗಿದ್ದರೂ ಅಲ್ಲಿ ಗೋಧಿ ಇರಬಹುದು. ಹಂಚೂ ಚಪಾತಿಯದ್ದೇ ಆಗಿರಬಹುದು.

ರಶೀದಿ ನೋಡುವವ

ಸರ್ವಿಸ್ ಚಾರ್ಜ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅದನ್ನು ನೀವು ಕೊಡಬೇಕಾಗಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಸ್ಪಷ್ಟವಾಗಿ ಹೇಳಿದೆ. ಹೋಟೆಲ್, ರೆಸ್ಟೋರೆಂಟ್‌ಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟು ಕೂಡ ವಸೂಲಿ ಮಾಡುವಂತಿಲ್ಲ. ಕೊಡುವುದು ಬಿಡುವುದು ಗ್ರಾಹಕರ ಇಷ್ಟ. ಹೋಟೆಲ್ ಸಂಘಗಳು ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದವು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಆ ಅರ್ಜಿಗಳನ್ನು ವಜಾ ಮಾಡಿತು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಬಿಲ್ ನೋಡಿ, ಜಿಎಸ್‌ಟಿಯನ್ನು 2,860ರ ಮೇಲೆ ಹಾಕಿಲ್ಲ, 3,146ರ ಮೇಲೆ ಹಾಕಿದ್ದಾರೆ. ಸರ್ವಿಸ್ ಚಾರ್ಜ್ ಮೇಲೂ ತೆರಿಗೆ. ಸರ್ವಿಸ್ ಚಾರ್ಜ್ ತೆಗೆದರೆ ತೆರಿಗೆ 143 ಆಗುತ್ತದೆ, ಒಟ್ಟು 3,003. ಅಂದರೆ ನೀವು ಪೂರಾ 300 ರೂಪಾಯಿ ಜಾಸ್ತಿ ಕೊಟ್ಟಿದ್ದೀರಿ.

ಏನು ಮಾಡಬಹುದು? ಮೊದಲು ಮ್ಯಾನೇಜರ್‌ಗೆ ಬಿಲ್ ತೋರಿಸಿ ತೆಗೆಯಲು ಹೇಳಿ. ಆಗಲ್ಲ ಅಂದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ವಕೀಲರಿಲ್ಲದೆ ನೀವೇ ದೂರು ಕೊಡಬಹುದು. 5 ಲಕ್ಷದ ಒಳಗಿನ ವಿಷಯಕ್ಕೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಬಿಲ್ ಮಾತ್ರ ಹರಿಯಬೇಡಿ. ಆ ಕಾಗದದ ಮೇಲಿನ ಅಕ್ಷರ ಬೇಗ ಮಾಸುತ್ತದೆ, ಇವತ್ತೇ ಫೋಟೋ ತೆಗೆದಿಡಿ.

ವಿದ್ಯಾನಗರ

ನೀರಿನ ಬಾಟಲಿಗೂ ಎಂಆರ್‌ಪಿಗಿಂತ ಜಾಸ್ತಿ ತಗೋತಾರೆ. 20 ರೂಪಾಯಿ ಬಾಟಲಿಗೆ 60. ಅದರ ಮೇಲೂ ಕೇಸ್ ಹಾಕಬಹುದು ಅಲ್ವಾ?

ರಶೀದಿ ನೋಡುವವ

ಬಹಳ ಜನ ಹಾಗೆ ಅಂದುಕೊಂಡಿದ್ದಾರೆ, ಆದರೆ ಇಲ್ಲ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ಹೋಟೆಲಲ್ಲಿ ಕೂತು ನೀರು ಕುಡಿಯುವುದು ಅಂಗಡಿಯಲ್ಲಿ ಬಾಟಲಿ ಕೊಂಡ ಹಾಗಲ್ಲ, ಜಾಗ, ಸೇವೆ ಎಲ್ಲ ಸೇರಿರುತ್ತದೆ, ಹಾಗಾಗಿ ಜಾಸ್ತಿ ತಗೋಬಹುದು ಅಂತ. ನನಗೆ ಇಷ್ಟವಾದ ತೀರ್ಪಲ್ಲ, ಆದರೆ ಇರುವುದನ್ನು ಹೇಳಬೇಕು. ಸುಮ್ನೆ ಜಗಳ ಮಾಡಿ ಸೋಲಬೇಡಿ. ಬಾಟಲಿ ಮೇಜಿನ ಮೇಲೆ ಇಡುವ ಮೊದಲೇ "ಜಗ್ ನೀರು ಕೊಡಿ" ಅನ್ನಿ.

ಹಾವೇರಿ ಕಡೆಯವ

ನನ್ನ ಅನುಭವ ಬಣ್ಣದ್ದು. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಮೆಣಸಿನಕಾಯಿ ಜೊತೆಗೇ ಬೆಳೆದವರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಅದರ ಗುಣವೇ ಬಣ್ಣ ಜಾಸ್ತಿ, ಖಾರ ಕಡಿಮೆ. ಹುಬ್ಬಳ್ಳಿಯ ಒಂದು ದುಬಾರಿ ಜಾಗದಲ್ಲಿ "ಬ್ಯಾಡಗಿ ಸ್ಪೆಷಲ್" ಅಂತ ಒಂದು ಕಬಾಬ್ ಇತ್ತು, ಹೆಮ್ಮೆಯಿಂದ ಹೇಳಿದೆ. ತಟ್ಟೆಗೆ ನಿಂಬೆ ಹಿಂಡಿದರೆ ರಸ ಗುಲಾಬಿ ಕೆಂಪಾಗಿ ಹರಿಯಿತು. ಬೆರಳು ಮರುದಿನದವರೆಗೂ ಕೆಂಪು. ಮೆಣಸಿನಕಾಯಿಯ ಬಣ್ಣ ಎಣ್ಣೆಗೆ ಬಿಡುತ್ತದೆ, ನೀರಿಗೆ ಹಾಗೆ ಬಿಡುವುದಿಲ್ಲ. ನಮ್ಮನೆಯಲ್ಲಿ ಸಾರಿನ ಮೇಲೆ ಕೆಂಪು ಎಣ್ಣೆ ತೇಲುತ್ತದಲ್ಲ, ಅದು ನಿಜವಾದ ಬಣ್ಣ.

2024ರ ಜೂನ್‌ನಲ್ಲಿ ನಮ್ಮ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧ ಮಾಡಿದೆ. ಅದಕ್ಕೂ ಮೊದಲು ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಮಾಡಿತ್ತು. ಗಾಡಿಯವರ ಮೇಲೆ ಎಲ್ಲರ ಕಣ್ಣು ಇರುತ್ತದೆ. ಎಸಿ ಹೋಟೆಲಿನ ಒಳಗೂ ನೋಡಬೇಕು. ನಮ್ಮ ಊರಿನ ಹೆಸರು ಹಾಕಿಕೊಂಡು ಹೀಗೆ ಮಾಡಿದರೆ ಬೆಳೆದವರಿಗೆ ಹೊಟ್ಟೆ ಉರಿಯುತ್ತದೆ.

ಗಲ್ಲೆ ಮೇಲಿನವ

ನಾನು ಗೋಕುಲ ರಸ್ತೆ ಕಡೆ ಮಧ್ಯಮ ಗಾತ್ರದ ಹೋಟೆಲ್ ನಡೆಸುತ್ತೇನೆ. ನೀವು ಹೇಳುತ್ತಿರುವುದು ನನ್ನದಲ್ಲ, ಆದರೂ ನಮ್ಮ ಕಡೆಯ ಮಾತೂ ಕೇಳಿ. ಬಾಡಿಗೆ, ಎಸಿ ಕರೆಂಟು, ಗ್ಯಾಸ್, ಎಲ್ಲ ಏರಿದೆ. ಆ್ಯಪ್‌ನಿಂದ ಬರುವ ಪ್ರತಿ ಆರ್ಡರ್‌ಗೂ ಕಮಿಷನ್ ಕೊಡಬೇಕು. ಶನಿವಾರ ಎಂಟರಿಂದ ಹತ್ತರವರೆಗೆ ಒಳಗೆ ಕೂತವರ ಆರ್ಡರ್, ಆ್ಯಪ್ ಆರ್ಡರ್, ಪಾರ್ಟಿ ಆರ್ಡರ್ ಎಲ್ಲ ಒಂದೇ ಒಲೆಗೆ ಬರುತ್ತವೆ. ಆ್ಯಪ್‌ನಲ್ಲಿ ತಡವಾದರೆ ರೇಟಿಂಗ್ ಬೀಳುತ್ತದೆ ಅಂತ ಅದನ್ನೇ ಮೊದಲು ಕಳಿಸುತ್ತಾರೆ. ಎದುರಿಗೆ ಕೂತವರು ಕಾಯುತ್ತಾರೆ. ತಪ್ಪು, ಒಪ್ಪುತ್ತೇನೆ. ನನ್ನಲ್ಲೂ ಆಗಿದೆ.

ಆದರೆ ಒಂದು ಕೇಳಿಕೊಳ್ಳುತ್ತೇನೆ. ಏನಾದರೂ ಸರಿ ಇಲ್ಲ ಅಂದರೆ ತಿನ್ನುವ ಮೊದಲೇ ಹೇಳಿ. ಪೂರಾ ತಿಂದು, ಬಿಲ್ ಕೊಟ್ಟು, ಮನೆಗೆ ಹೋಗಿ ಒಂದು ಸ್ಟಾರ್ ಕೊಟ್ಟರೆ ನಮಗೆ ಸರಿಮಾಡಲು ದಾರಿಯೇ ಇರುವುದಿಲ್ಲ. ಇಲ್ಲಿ ಕೇಶ್ವಾಪುರದವರು ಹೇಳಿದ್ದಾರೆ, ಕ್ಯಾಪ್ಟನ್ ಕೇಳಲಿಲ್ಲ. ಅದು ಊಟ ಕೆಟ್ಟದ್ದಕ್ಕಿಂತ ದೊಡ್ಡ ತಪ್ಪು. ನಾನಾಗಿದ್ದರೆ ಆ ರೊಟ್ಟಿ ಬಿಲ್‌ನಿಂದ ತೆಗೆದು, ಹಿರಿಯರ ಮುಂದೆ ಒಂದು ಬಟ್ಟಲು ಬಿಸಿ ಅನ್ನ, ಮೊಸರು ಇಡುತ್ತಿದ್ದೆ.

ಖಾನಾವಳಿ ಪ್ರೇಮಿ

ಇಷ್ಟೆಲ್ಲ ಯಾಕೆ? ಖಾನಾವಳಿಗೆ ಹೋಗಿ. ಎದುರಿಗೇ ಬಡಿದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಈರುಳ್ಳಿ, ಸೌತೆಕಾಯಿ. ಸಾಕು ಅನ್ನುವವರೆಗೆ ಹಾಕುತ್ತಾರೆ.

ಕೇಶ್ವಾಪುರದವ

ಖಾನಾವಳಿ ಊಟ ನನಗೂ ಪ್ರಾಣ. ಆದರೆ ಆ ದಿನ ನನಗೆ ಬೇಕಿದ್ದದ್ದು ಊಟ ಮಾತ್ರ ಅಲ್ಲ. ಐದು ಜನ ಒಟ್ಟಿಗೆ ಕೂತು ಒಂದು ಗಂಟೆ ಮಾತಾಡುವ ಜಾಗ ಬೇಕಿತ್ತು. ಅಪ್ಪನಿಗೆ ಬೆನ್ನಿಗೆ ಆಸರೆ ಇರುವ ಕುರ್ಚಿ, ಅಮ್ಮನಿಗೆ ಸ್ವಚ್ಛ ಬಾತ್‌ರೂಮು ಬೇಕಿತ್ತು. ಖಾನಾವಳಿಯಲ್ಲಿ ಹಿಂದೆ ಯಾರೋ ನಮ್ಮ ಜಾಗಕ್ಕೆ ಕಾಯುತ್ತಾ ನಿಂತಿರುತ್ತಾರೆ. ಅಪ್ಪ ಅಂಥ ಕಡೆ ಐದೇ ನಿಮಿಷಕ್ಕೆ ಉಂಡು ಏಳುತ್ತಾರೆ, ಇನ್ನೊಬ್ಬರು ಕಾಯಬಾರದು ಅಂತ. ಜಾಸ್ತಿ ದುಡ್ಡು ಕೊಟ್ಟದ್ದು ಅವರು ನಿಧಾನವಾಗಿ ಕೂತು ಉಣ್ಣಲಿ ಅಂತ.

ಇಲ್ಲಿ ಓದಿದ ಮೇಲೆ ಮೊನ್ನೆ ಬಿಲ್ ತಗೊಂಡು ಅಲ್ಲಿಗೇ ಹೋಗಿದ್ದೆ. ಜಗಳ ಮಾಡಲಿಲ್ಲ. ಮ್ಯಾನೇಜರ್ ಬೇರೆಯವರು, ವಯಸ್ಸಾದವರು, ಕೂತು ಕೇಳಿದರು. 2022ರ ಆದೇಶ ಅವರಿಗೂ ಗೊತ್ತಿತ್ತು, "ಕೇಳಿದವರಿಗೆ ತೆಗೆಯುತ್ತೇವೆ" ಅಂದರು. ಕೇಳದವರಿಂದ ಯಾಕೆ ತಗೋಬೇಕು ಅಂತ ಕೇಳಿದೆ. ಅದಕ್ಕೆ ಉತ್ತರ ಸಿಗಲಿಲ್ಲ. 300 ರೂಪಾಯಿ ವಾಪಸ್ ಕೊಟ್ಟರು. ರೊಟ್ಟಿಗೆ ಗೋಧಿ ಕೂಡಿಸುತ್ತೀರಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿಗೆ ಕೂಡಿಸುತ್ತೇವೆ" ಅಂತ ಒಪ್ಪಿಕೊಂಡರು. ಬೆಟಗೇರಿ ಅಕ್ಕನ ಮಗುವಿನ ವಿಷಯ ಹೇಳಿದೆ. ಅದನ್ನು ಕೇಳಿ ಅವರ ಮುಖ ಬದಲಾಯಿತು. ಮೆನುವಿನಲ್ಲಿ ಬರೆಸುತ್ತೇನೆ ಅಂದಿದ್ದಾರೆ. ಹೋಗಿ ನೋಡಿ ಇಲ್ಲಿ ಹೇಳುತ್ತೇನೆ.

ಬೆಟಗೇರಿ ಹುಡುಗಿ

ನೀವು ಅದನ್ನು ಕೇಳಿದಿರಲ್ಲ, ನಿಮಗೆ ಪುಣ್ಯ ಬರಲಿ ಅಣ್ಣ.

ಸಪ್ತಾಪುರ ಧಾರವಾಡ

ಕನ್ನಡ ಮೆನು ಬಗ್ಗೆ ಕೇಳಿದಿರಾ?

ಕೇಶ್ವಾಪುರದವ

ಕೇಳಿದೆ. ಒಂದು ಹಾಳೆ ಬರೆಸಿದರೆ ಸಾಕು, ಊರಿನ ಊಟದ್ದಾದರೂ ಇರಲಿ ಅಂದೆ. "ಯಾರೂ ಕೇಳಿಲ್ಲ ಸರ್" ಅಂದರು. ನಮ್ಮ ಅಪ್ಪನಂಥವರು ಕೇಳುವುದಿಲ್ಲ, ಸುಮ್ಮನೆ ಮಕ್ಕಳ ಕಡೆ ಸರಿಸುತ್ತಾರೆ. ನೀವೂ ಹೋದಾಗ ಕೇಳಿ. ನಾಲ್ಕು ಜನ ಕೇಳಿದರೆ ಬರೆಸುತ್ತಾರೆ.

ಈ ಭಾನುವಾರ ಅಪ್ಪನನ್ನು ಮತ್ತೆ ಕರ್ಕೊಂಡು ಹೋಗಬೇಕು. ಅಲ್ಲಿಗಲ್ಲ, ಬೇರೆ ಕಡೆ. ಕುರ್ಚಿ ಚೆನ್ನಾಗಿರಬೇಕು, ರೊಟ್ಟಿ ಬಿಸಿ ಇರಬೇಕು. ಯಾವ ಹೊತ್ತಿಗೆ ಹೋಗಲಿ?

ಒಲೆ ಮುಂದಿನವ

ಮೊದಲು ಫೋನ್ ಮಾಡಿ. ಟೇಬಲ್ ಇದೆಯಾ ಅಂತ ಆಮೇಲೆ ಕೇಳಿ, ರೊಟ್ಟಿ ಬಡಿಯುವ ಅಕ್ಕ ಎಷ್ಟು ಗಂಟೆವರೆಗೆ ಇರುತ್ತಾರೆ ಅಂತ ಮೊದಲು ಕೇಳಿ. ಎಣ್ಣೆಗಾಯಿ ಬೇಕು ಅಂತಲೂ ಆಗಲೇ ಹೇಳಿಬಿಡಿ, ಒಲೆ ಮೇಲೆ ಇಡಲು ಅವರಿಗೆ ಟೈಮ್ ಸಿಗುತ್ತದೆ. ರೊಟ್ಟಿ ಎಲ್ಲ ಒಟ್ಟಿಗೆ ತರಬೇಡಿ, ಎರಡೆರಡೇ ತನ್ನಿ ಅನ್ನಿ.

ಕೇಶ್ವಾಪುರದವ

ಮೂರು ಕಡೆ ಫೋನ್ ಮಾಡಿದೆ. ಇಬ್ಬರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಮೂರನೆಯವರು "ತಡೀರಿ" ಅಂತ ಫೋನನ್ನು ಒಳಗೆ ಕೊಟ್ಟರು. ಆ ಕಡೆಯಿಂದ ಒಬ್ಬ ಅಕ್ಕ, "ಎಂಟರ ಬಸ್ಸಿಗೆ ಹೊಂಡತೀನ್ರಿ, ಏಳಕ್ಕ ಕರ್ಕೊಂಡ ಬರ್ರಿ ಹಿರ್‍ಯಾರನ್ನ" ಅಂದರು. ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆರೂಮುಕ್ಕಾಲಿಗೇ ಟೇಬಲ್ ಹೇಳಿದ್ದೇನೆ.